ವಂಕಿ ಹಾಕಿಸಿಕೊಳ್ಳುವ ಮುನ್ನ: ಆಯ್ಕೆ ಅವಳದು, ನೆರವು ನಮ್ಮದು



ಹೃದಯದ ಶಸ್ತ್ರಚಿಕಿತ್ಸೆ, ಡಯಾಲಿಸಿಸ್, ಕ್ಯಾನ್ಸರ್ ಔಷಧಿ ಎಂದು ನೆರವು ಕೋರಿ ಬರೆಯುವುದು ಈ ಪುಟದ ರೂಢಿ. ಈ ಸಲ ಸ್ವಲ್ಪ ಬೇರೆ ವಿಷಯ. ಮನೆಯ ಗಂಡಸರ ಎದುರು ಮಾತನಾಡಲು ನಮ್ಮ ಹೆಣ್ಣುಮಕ್ಕಳು ಹಿಂಜರಿಯುವ ವಿಷಯ. ಆದರೆ ನಮ್ಮ ನಿಧಿಯ ಹಣ ಯಾವುದಕ್ಕೆ ಖರ್ಚಾಗಬೇಕು ಎಂಬ ಪ್ರಶ್ನೆಯೂ ಇದರೊಳಗೇ ಇದೆ. ಆದ್ದರಿಂದ ಮಹನೀಯರೂ ಪುಟ ತಿರುವದೆ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು ವೈದ್ಯೆಯಲ್ಲ. ವಿಶಾಖಪಟ್ಟಣದಲ್ಲಿ ನಮ್ಮವರನ್ನು ಆಸ್ಪತ್ರೆಗೆ ಕರೆದೊಯ್ದು, ಓಪಿ ಚೀಟಿ ಮಾಡಿಸಿ, ತೆಲುಗಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ತಿಳಿಸುವ ಸ್ವಯಂಸೇವಕಿ. ವೈದ್ಯರನ್ನು ಕೇಳಿ, ಅರ್ಥವಾಗದಿದ್ದರೆ ಮತ್ತೆ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮಧುರವಾಡದಿಂದ ಬಂದ ತಾಯಿ

ಕಳೆದ ವರ್ಷ ಶ್ರಾವಣದಲ್ಲಿ ಮಧುರವಾಡದ ಕಡೆ ಕಟ್ಟಡ ಕೆಲಸಕ್ಕೆ ಬಂದಿದ್ದ ಕೊಪ್ಪಳ ಜಿಲ್ಲೆಯ ಒಂದು ಕುಟುಂಬದ ಪರಿಚಯವಾಯಿತು. ಗಂಡ ಗಾರೆ ಕೆಲಸದವನು, ಹೆಂಡತಿ ಇಟ್ಟಿಗೆ ಹೊರುತ್ತಿದ್ದಳು. ಅವಳ ವಯಸ್ಸು 24. ಇಬ್ಬರು ಮಕ್ಕಳು. ತಲೆಸುತ್ತು ಬಂದು ಕೆಲಸದ ಜಾಗದಲ್ಲೇ ಕುಸಿದು ಕುಳಿತಳೆಂದು ಮೇಸ್ತ್ರಿಯ ಹೆಂಡತಿ ನನಗೆ ಫೋನ್ ಮಾಡಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.4 ಇತ್ತು. ಗರ್ಭಿಣಿಯಲ್ಲದ ಹೆಂಗಸರಿಗೆ 12 ಇರಬೇಕು. ಪ್ರತಿ ತಿಂಗಳೂ ಏಳೆಂಟು ದಿನ ಮುಟ್ಟು ಹೋಗುತ್ತದೆ, ಬಟ್ಟೆ ಸಾಲುವುದಿಲ್ಲ ಎಂದು ತಲೆ ತಗ್ಗಿಸಿ ಹೇಳಿದಳು.

ಶೆಡ್ಡಿನ ಅಕ್ಕಪಕ್ಕದವರೆಲ್ಲ “ಎರಡಾಯ್ತಲ್ಲ, ಆಪರೇಷನ್ ಮಾಡಿಸಿಬಿಡು” ಎನ್ನುತ್ತಿದ್ದರಂತೆ. ಅವಳು ನನ್ನ ಕೈ ಹಿಡಿದು ಹೇಳಿದ ಮಾತು ಇದು: “ಅಕ್ಕಾರ, ಆಪರೇಷನ್ ನನಗ ಬ್ಯಾಡ್ರಿ. ಸಣ್ಣದಕ್ಕ ಇನ್ನೂ ಒಂದೂವರಿ ವರ್ಷ. ಮುಂದ ಹೆಂಗೋ ಏನೋ. ಆದ್ರ ಈಗ ಮತ್ತ ಹೊಟ್ಟಿಲೆ ಆದ್ರ ನನ್ನ ಕೈಲೆ ಆಗಂಗಿಲ್ರಿ. ನಮ್ಮೂರಾಗ ಆಶಾ ಅಕ್ಕಾರು ವಂಕಿ ಅಂತ ಹೇಳ್ತಿದ್ರು. ಅದು ಇಲ್ಲಿ ಸಿಗತೈತೇನ್ರಿ?”

ನಾನು ಆ ಮಾತನ್ನು ಹಾಗೇ ನರ್ಸಮ್ಮನವರಿಗೆ ಹೇಳಿದೆ. ಅವರು ತೋಳು ಮುಟ್ಟಿಕೊಂಡು ನಕ್ಕರು. ತೆಲುಗಿನಲ್ಲೂ ವಂಕಿ ಎಂದರೆ ತೋಳಿನ ಒಡವೆಯೇ. ಗರ್ಭಕೋಶದಲ್ಲಿ ಇಡುವ ಸಾಧನಕ್ಕೆ ಕರ್ನಾಟಕದ ಆರೋಗ್ಯ ಇಲಾಖೆಯವರು ವಂಕಿ ಎಂದರೆ ಇಲ್ಲಿಯವರು ಕಾಪರ್ ಟಿ ಎಂದೋ ಹಳಬರಾದರೆ ಲೂಪ್ ಎಂದೋ ಕರೆಯುತ್ತಾರೆ. ಎರಡೂ ಒಂದೇ ಎಂದು ತಿಳಿಯದೆ ಆ ಹುಡುಗಿ ಮೂರು ತಿಂಗಳ ಹಿಂದೆ ಒಬ್ಬಳೇ ಬಂದು, ಕಾಪರ್ ಟಿ ಬೇಡವೆಂದು ಹೇಳಿ ವಾಪಸು ಹೋಗಿದ್ದಳು!

ಇಷ್ಟು ಕಡಿಮೆ ಬಳಕೆ ಏಕೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆಂಧ್ರಪ್ರದೇಶದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ ಸುಮಾರು 70 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ವಂಕಿ ಬಳಸುವವರು ನೂರಕ್ಕೆ ಒಬ್ಬರೂ ಇಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಗಂಡಸರೂ ನೂರಕ್ಕೆ ಒಬ್ಬರಿಲ್ಲ. ಗಂಡಸರ ಶಸ್ತ್ರಚಿಕಿತ್ಸೆ ಹೆಂಗಸರದ್ದಕ್ಕಿಂತ ಸುಲಭವಾದರೂ ಪರಿಸ್ಥಿತಿ ಹೀಗಿದೆ. ಇನ್ನು ಮಕ್ಕಳು ಬೇಡವೆಂದು ಮನಸ್ಸು ಗಟ್ಟಿ ಮಾಡಿಕೊಂಡವರಿಗೆ ಆಪರೇಷನ್ ಒಳ್ಳೆಯದೇ. ಆದರೆ ಇಪ್ಪತ್ತಮೂರು, ಇಪ್ಪತ್ತನಾಲ್ಕರ ಹುಡುಗಿ “ಈಗ ಬೇಡ, ಮುಂದೆ ನೋಡೋಣ” ಎಂದರೆ ಅವಳಿಗೆ ತೆರೆದ ಬಾಗಿಲು ಇರಬೇಕಲ್ಲವೇ? ಆ ಬಾಗಿಲುಗಳಲ್ಲಿ ವಂಕಿ ಒಂದು.

ವಂಕಿ ಎರಡು ಬಗೆ

ಮೊದಲನೆಯದು ತಾಮ್ರದ್ದು. ಕಾಪರ್ ಟಿ 380 ಎ ಎಂಬುದು ಇಂಗ್ಲಿಷಿನ ಟಿ ಅಕ್ಷರದ ಆಕಾರದ ಪ್ಲಾಸ್ಟಿಕ್ ಕಡ್ಡಿ. ಉದ್ದ 36 ಮಿಲಿಮೀಟರ್, ಅಗಲ 32 ಮಿಲಿಮೀಟರ್. ಅದಕ್ಕೆ ಸಣ್ಣ ತಾಮ್ರದ ತಂತಿ ಸುತ್ತಿರುತ್ತದೆ, ತುದಿಯಲ್ಲಿ ಎರಡು ದಾರಗಳಿರುತ್ತವೆ. 380 ಎಂದರೆ ಅದರ ಮೇಲಿನ ತಾಮ್ರದ ವಿಸ್ತೀರ್ಣ, ಚದರ ಮಿಲಿಮೀಟರಿನಲ್ಲಿ. ತಾಮ್ರದ ಕಣಗಳು ವೀರ್ಯಾಣುಗಳನ್ನು ನಿಷ್ಕ್ರಿಯ ಮಾಡುವುದರಿಂದ ಗರ್ಭ ಕಟ್ಟುವುದಿಲ್ಲ. ಇದು 10 ವರ್ಷ ಕೆಲಸ ಮಾಡುತ್ತದೆ. 375 ಎಂಬ ಇನ್ನೊಂದು ನಮೂನೆ 5 ವರ್ಷದ್ದು. ಎರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಹಾಕಿದ ಕ್ಷಣದಿಂದಲೇ ರಕ್ಷಣೆ ಸಿಗುತ್ತದೆ. ಬಳಸಿದ ನೂರು ಹೆಂಗಸರಲ್ಲಿ ಮೊದಲ ವರ್ಷ ಗರ್ಭ ನಿಲ್ಲುವುದು ಒಬ್ಬರಿಗಿಂತ ಕಡಿಮೆ. ಮಗು ಬೇಕೆನಿಸಿದಾಗ ತೆಗೆಸಿದರೆ ಗರ್ಭ ನಿಲ್ಲುವ ಶಕ್ತಿ ಕೂಡಲೇ ಮರಳುತ್ತದೆ.

ಎರಡನೆಯದು ಹಾರ್ಮೋನಿನದು. ಆಕಾರ ಬಹುತೇಕ ಅದೇ. ತಾಮ್ರದ ಬದಲು ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನನ್ನು ದಿನಕ್ಕೆ ಬಲು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಅದರಿಂದ ಗರ್ಭಕೋಶದ ಬಾಯಿಯ ಲೋಳೆ ಗಟ್ಟಿಯಾಗುತ್ತದೆ, ಒಳಪದರ ತೆಳುವಾಗುತ್ತದೆ. ಒಳಪದರ ತೆಳುವಾದ್ದರಿಂದ ಮುಟ್ಟಿನ ರಕ್ತಸ್ರಾವವೂ ಇಳಿಯುತ್ತದೆ. ಹಾಗಾಗಿ ಅತಿ ರಕ್ತಸ್ರಾವಕ್ಕೆ ಚಿಕಿತ್ಸೆಯಾಗಿಯೂ ವೈದ್ಯರು ಇದನ್ನು ಬಳಸುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮುಟ್ಟೇ ನಿಲ್ಲಬಹುದು. “ಕೆಟ್ಟ ರಕ್ತ ಒಳಗೇ ನಿಲ್ಲುತ್ತದೆ” ಎಂದು ಹೆದರುವವರಿದ್ದಾರೆ. ಹಾಗೇನೂ ಇಲ್ಲ, ಪದರವೇ ಬೆಳೆಯದಿದ್ದಾಗ ಹೊರಹೋಗಲು ರಕ್ತವೂ ಇರುವುದಿಲ್ಲ. ಎಷ್ಟು ವರ್ಷಕ್ಕೆಂಬುದು ಕಂಪನಿಯ ಮೇಲೆ ಹೋಗುತ್ತದೆ, ಹಾಕಿಸುವಾಗಲೇ ಕೇಳಿ ಬರೆಸಿಕೊಳ್ಳಬೇಕು. ಕೊರತೆ ಎಂದರೆ ಬೆಲೆ. ಹೊರಗೆ ಕೊಂಡರೆ ಕೆಲವು ಸಾವಿರ ರೂಪಾಯಿ.

ಯಾರಿಗೆ ಯಾವುದು?

ಮುಟ್ಟು ಸಾಧಾರಣವಾಗಿದ್ದು ಹಾರ್ಮೋನು ಬೇಡ ಎನ್ನುವವರಿಗೆ ತಾಮ್ರದ್ದು ಒಳ್ಳೆಯ ಆಯ್ಕೆ. ಮಗುವಿಗೆ ಹಾಲೂಡಿಸುವ ತಾಯಂದಿರೂ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರೂ ಹಾಕಿಸಬಹುದು. ಮಕ್ಕಳಾಗದವರಿಗೂ ನಿಷೇಧವಿಲ್ಲ. ಆದರೆ ಮೊದಲ ಮೂರರಿಂದ ಆರು ತಿಂಗಳು ಮುಟ್ಟು ಹೆಚ್ಚಾಗಬಹುದು, ಹೊಟ್ಟೆ ಹಿಂಡಬಹುದು. ಮೊದಲೇ ಹೆಚ್ಚು ಹೋಗುವವರು, ರಕ್ತಹೀನತೆ ಇರುವವರು ಇದನ್ನು ವೈದ್ಯರೊಂದಿಗೆ ಕೂತು ಮಾತನಾಡಬೇಕು. ರಕ್ತಹೀನತೆ ಇದ್ದ ಮಾತ್ರಕ್ಕೆ ತಾಮ್ರದ್ದು ಹಾಕಲೇಬಾರದೆಂದಿಲ್ಲ, ಆದರೆ ಇರುವ ತೊಂದರೆ ಹೆಚ್ಚಬಾರದಲ್ಲ. ಅದೇ ಸಮೀಕ್ಷೆಯಂತೆ ಆಂಧ್ರದ ಹೆಂಗಸರಲ್ಲಿ ನೂರಕ್ಕೆ ಸುಮಾರು 59, ಕರ್ನಾಟಕದಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಹಾಗಾಗಿ ಇದು ಅಪರೂಪದ ಮಾತಲ್ಲ.

ಗರ್ಭವಿದ್ದಾಗ, ಜನನಾಂಗದಲ್ಲಿ ಸೋಂಕು ಇದ್ದಾಗ, ಕಾರಣ ತಿಳಿಯದ ರಕ್ತಸ್ರಾವವಿದ್ದಾಗ, ಗಡ್ಡೆಗಳಿಂದ ಗರ್ಭಕೋಶದ ಒಳ ಆಕಾರ ಕೆಟ್ಟಿದ್ದಾಗ, ಗರ್ಭಕೋಶದ ಕ್ಯಾನ್ಸರ್ ಇದ್ದಾಗ ಎರಡರಲ್ಲಿ ಯಾವುದನ್ನೂ ಹೊಸದಾಗಿ ಹಾಕುವುದಿಲ್ಲ. ತಾಮ್ರ ಒಗ್ಗದವರಿಗೆ ತಾಮ್ರದ್ದು ಬೇಡ. ಸ್ತನ ಕ್ಯಾನ್ಸರ್ ಇರುವವರಿಗೆ ಹಾರ್ಮೋನಿನದು ಬೇಡ. ಲೈಂಗಿಕ ರೋಗಗಳನ್ನು ಎರಡೂ ತಡೆಯುವುದಿಲ್ಲ. ಅದಕ್ಕೆ ನಿರೋಧ್ ಒಂದೇ ದಾರಿ.

ವಂಕಿಯೇ ಆಗಬೇಕೆಂದೂ ಇಲ್ಲ. ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ, ಮಾಲಾ ಮಾತ್ರೆ ಕೂಡ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಯಾರ ಬದುಕಿಗೆ ಯಾವುದು ಹೊಂದುತ್ತದೆ ಎಂಬುದೇ ಮುಖ್ಯ.

ವಿಜಯವಾಡದಿಂದ ಕುಂದಾಪುರಕ್ಕೆ

ಇನ್ನೊಂದು ಸಂಗತಿ ವಿಜಯವಾಡದ್ದು. ಅಲ್ಲಿ ಹೋಟೆಲಿನಲ್ಲಿ ಅಡುಗೆ ಕೆಲಸ ಮಾಡುವ ಕುಂದಾಪುರದ ಕಡೆಯವರೊಬ್ಬರ ಹೆಂಡತಿಗೆ ಹೆರಿಗೆಯಾದ ಮರುದಿನವೇ ತಾಮ್ರದ ವಂಕಿ ಹಾಕಿದರು. ಇದಕ್ಕೆ ಬಾಣಂತಿಗೆ ಹಾಕುವ ವಂಕಿ ಎನ್ನುತ್ತಾರೆ. ಮಾಸು ಬಿದ್ದ ಹತ್ತು ನಿಮಿಷದೊಳಗೆ, ಸಿಸೇರಿಯನ್ ಆದರೆ ಆಪರೇಷನ್ ಹೊತ್ತಿನಲ್ಲೇ, ಇಲ್ಲವೇ ಹೆರಿಗೆಯಾಗಿ 48 ಗಂಟೆಯೊಳಗೆ ಹಾಕಬಹುದು. ಅದು ದಾಟಿದರೆ ಆರು ವಾರ ಕಾಯಬೇಕು. ಕೂಲಿ ಬಿಟ್ಟು ಮತ್ತೆ ಆಸ್ಪತ್ರೆಗೆ ಬರಲಾಗದವರಿಗೆ ಇದು ಅನುಕೂಲ. ಆಕೆಗೆ ಗರ್ಭಿಣಿಯಾಗಿದ್ದಾಗಲೇ ವಿವರಿಸಿ ಒಪ್ಪಿಗೆ ಪಡೆದಿದ್ದರು. ಹಾಗೇ ಆಗಬೇಕು. ಹೆರಿಗೆ ನೋವಿನ ನಡುವೆ ಕೇಳುವ ಒಪ್ಪಿಗೆ ಒಪ್ಪಿಗೆಯಲ್ಲ.

ಆದರೆ ಹೆರಿಗೆಯಾದ ಕೂಡಲೇ ಹಾಕಿದ್ದು ತಾನಾಗಿ ಜಾರಿ ಬೀಳುವ ಸಾಧ್ಯತೆ ಉಳಿದ ಸಮಯಕ್ಕಿಂತ ಹೆಚ್ಚು. ಅದಕ್ಕಾಗಿಯೇ ಆರನೇ ವಾರದಲ್ಲಿ ಪರೀಕ್ಷೆಗೆ ಬರಹೇಳುತ್ತಾರೆ. ಆಕೆ ಅಷ್ಟರಲ್ಲಿ ಬಾಣಂತನಕ್ಕೆ ತವರಿಗೆ ಹೋಗಿದ್ದರು. ವಂಕಿಯ ಕಾರ್ಡ್ ವಿಜಯವಾಡದ ಮನೆಯ ಬೀರುವಿನಲ್ಲಿತ್ತು. ನಾಲ್ಕನೇ ತಿಂಗಳು ಮರಳಿ ಬಂದು ತೋರಿಸಿದಾಗ ವಂಕಿ ಒಳಗಿರಲಿಲ್ಲ. ಯಾವಾಗ ಬಿತ್ತೆಂದು ಅವರಿಗೇ ಗೊತ್ತಿಲ್ಲ. ಪುಣ್ಯಕ್ಕೆ ಗರ್ಭ ನಿಂತಿರಲಿಲ್ಲ. ಮತ್ತೆ ಹಾಕಿಸಿಕೊಂಡು ಈಗ ಚೆನ್ನಾಗಿದ್ದಾರೆ. ನಮ್ಮಲ್ಲಿ ಬಾಣಂತನಕ್ಕೆ ಊರಿಗೆ ಹೋಗುವುದು ತಪ್ಪುವುದಿಲ್ಲ. ಆದ್ದರಿಂದ ಕಾರ್ಡ್ ಮಗುವಿನ ಲಸಿಕೆ ಪುಸ್ತಕದ ಜೊತೆಗೇ ಪ್ರಯಾಣ ಮಾಡಲಿ. ಆರನೇ ವಾರದ ಪರೀಕ್ಷೆಯನ್ನು ಊರಿನ ಆಸ್ಪತ್ರೆಯಲ್ಲೇ ಮಾಡಿಸಬಹುದು.

ನನ್ನದೇ ಒಂದು ಮಾತು

ಬೇರೆಯವರ ಕಥೆ ಹೇಳಿ ನನ್ನದನ್ನು ಬಚ್ಚಿಡುವುದು ಸರಿಯಲ್ಲ. 1994ರಲ್ಲಿ ಎರಡನೇ ಮಗುವಿಗೆ ವರ್ಷ ತುಂಬಿದಾಗ ನನಗೂ ಕಾಪರ್ ಟಿ ಹಾಕಿದರು. ಆಗ ಬಳಕೆಯಲ್ಲಿದ್ದದ್ದು ಮೂರು ನಾಲ್ಕು ವರ್ಷಕ್ಕಷ್ಟೇ ಬರುವ 200 ಬಿ. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾರ್ಡೂ ಇರಲಿಲ್ಲ. ಒಂಬತ್ತು ವರ್ಷ ಅದನ್ನು ಮರೆತೇಬಿಟ್ಟಿದ್ದೆ. ಕಿಬ್ಬೊಟ್ಟೆ ನೋವೆಂದು ಹೋದಾಗ ದಾರ ಕಾಣಿಸದೆ, ಸ್ಕ್ಯಾನಿಂಗ್ ಮಾಡಿಸಿ, ಅರಿವಳಿಕೆ ಕೊಟ್ಟು ತೆಗೆಯಬೇಕಾಯಿತು. ಹಾಕಿದ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ವಂಕಿಯಿಂದ ನನಗೆ ಕೆಡುಕಾಗಲಿಲ್ಲ, ಮಾಹಿತಿ ಇಲ್ಲದ್ದರಿಂದ ಕೆಡುಕಾಯಿತು.

ನಮ್ಮ ತಾಯಂದಿರ ಕಾಲದ ಭಯಕ್ಕೂ ಇದೇ ಮೂಲ. 1965ರಲ್ಲಿ ಸರ್ಕಾರ ದೇಶದಾದ್ಯಂತ ಲಿಪ್ಪಿಸ್ ಲೂಪ್ ಎಂಬ ತಾಮ್ರವಿಲ್ಲದ ಪ್ಲಾಸ್ಟಿಕ್ ಸಾಧನವನ್ನು ತಂದಿತು. ಇಷ್ಟು ಮಂದಿಗೆ ಹಾಕಬೇಕೆಂಬ ಗುರಿಯ ಹಿಂದೆ ಓಡಿದರು. ರಕ್ತಸ್ರಾವವಾದವರನ್ನು ಮತ್ತೆ ಕರೆದು ನೋಡುವ ಏರ್ಪಾಟು ಸಾಲದಾಯಿತು. ಸುದ್ದಿ ಹಬ್ಬಿತು, ಜನ ಹಿಂದೆ ಸರಿದರು. ಇಂದಿಗೂ “ಎದೆಗೆ ಏರುತ್ತದೆ, ಹೊಟ್ಟೆಯಲ್ಲೇ ಕರಗುತ್ತದೆ” ಎನ್ನುವ ಅಜ್ಜಿಯರಿದ್ದಾರೆ. ಅದು ಎದೆಗೆ ಏರುವುದಿಲ್ಲ. ಹಾಕುವಾಗ ಗರ್ಭಕೋಶಕ್ಕೆ ತೂತಾಗುವುದುಂಟು, ಆದರೆ ಅದು ಸಾವಿರಕ್ಕೆ ಒಂದರಷ್ಟು ಅಪರೂಪ. ಅದನ್ನೂ ಮುಚ್ಚಿಡದೆ ಹೇಳಿದರೆ ಜನ ನಂಬುತ್ತಾರೆ.

ಹಾಕಿಸುವ ಮೊದಲು ಕೇಳಬೇಕಾದ ಆರು ಪ್ರಶ್ನೆ

ವಿಶಾಖಪಟ್ಟಣದ ಕೆಜಿಎಚ್, ಘೋಷಾ ಆಸ್ಪತ್ರೆ, ವಿಜಯವಾಡದ ಸರ್ಕಾರಿ ಜನರಲ್ ಆಸ್ಪತ್ರೆ, ಖಾಸಗಿ ದವಾಖಾನೆ, ಎಲ್ಲಿಗೇ ಹೋದರೂ ಇವನ್ನು ಕೇಳಿ.

1. ನನಗೆ ಹಾಕುತ್ತಿರುವುದು ಯಾವುದು, ಎಷ್ಟು ವರ್ಷದ್ದು?
2. ನನ್ನ ಹಿಮೋಗ್ಲೋಬಿನ್ ಎಷ್ಟಿದೆ? ನನ್ನ ಮುಟ್ಟಿನ ತೊಂದರೆಗೆ ಇದು ಹೊಂದುತ್ತದೆಯೇ?
3. ಸೋಂಕು ಇಲ್ಲವೆಂದು, ಗರ್ಭ ಇಲ್ಲವೆಂದು ನೋಡಿದ್ದೀರಾ? (ಮುಟ್ಟಿನ ಮೊದಲ ದಿನಗಳಲ್ಲಿ ಹಾಕುವುದು ವಾಡಿಕೆ. ಗರ್ಭವಿಲ್ಲವೆಂದು ಖಚಿತವಿದ್ದರೆ ಯಾವ ದಿನವಾದರೂ ಹಾಕಬಹುದು.)
4. ಹಾಕಿದ ದಿನಾಂಕ, ತೆಗೆಯುವ ದಿನಾಂಕ ಕಾರ್ಡಿನಲ್ಲಿ ಬರೆದುಕೊಡುತ್ತೀರಾ?
5. ಮತ್ತೆ ಯಾವಾಗ ತೋರಿಸಬೇಕು? ದಾರ ನೋಡಿಕೊಳ್ಳುವುದು ಹೇಗೆ?
6. ಬೇಡವೆನಿಸಿದರೆ ಯಾವಾಗ ಬೇಕಾದರೂ ತೆಗೆದುಕೊಡುತ್ತೀರಾ?

ವಂಕಿಗೆ ಹೆಂಗಸಿನ ಒಪ್ಪಿಗೆ ಸಾಕು. ಗಂಡನೊಂದಿಗೆ ಮಾತಾಡುವುದು ಒಳ್ಳೆಯದು, ಆದರೆ ಅವನ ಸಹಿ ಬೇಕೆಂಬ ಕಾನೂನಿಲ್ಲ.

ಹಾಕಿಸಿದ ಮೇಲೆ ಮುಟ್ಟು ತಪ್ಪಿದರೆ, ಕಿಬ್ಬೊಟ್ಟೆಯಲ್ಲಿ ತೀವ್ರ ನೋವು ಬಂದರೆ, ಜ್ವರ ಚಳಿ ಅಥವಾ ದುರ್ವಾಸನೆಯ ಬಿಳಿಸೆರಗು ಕಂಡರೆ, ದಾರ ಕಾಣದಿದ್ದರೆ ಅಥವಾ ಉದ್ದವೆನಿಸಿದರೆ, ರಕ್ತಸ್ರಾವ ಮಿತಿ ಮೀರಿದರೆ ಅದೇ ದಿನ ವೈದ್ಯರಿಗೆ ತೋರಿಸಿ. ಹಾರ್ಮೋನಿನದರಲ್ಲಿ ಮುಟ್ಟು ನಿಲ್ಲುವುದು ಸಹಜವೇ ಆದರೂ, ಅನುಮಾನವಿದ್ದರೆ ಗರ್ಭ ಪರೀಕ್ಷೆ ಮಾಡಿಸಿಬಿಡುವುದು ಒಳಿತು. ವಂಕಿ ಇದ್ದೂ ಗರ್ಭ ನಿಂತರೆ ಅದು ನಾಳದಲ್ಲಿ ನಿಂತಿರಬಹುದು, ತಡ ಮಾಡಬಾರದು.

ನಮ್ಮ ಸಮಿತಿಯಲ್ಲಿ ನಡೆದ ಚರ್ಚೆ

ಮಧುರವಾಡದ ತಾಯಿಯ ವಿಷಯಕ್ಕೆ ಮರಳುತ್ತೇನೆ. ಸ್ಕ್ಯಾನಿಂಗಿನಲ್ಲಿ ಗಡ್ಡೆ ಇರಲಿಲ್ಲ. ವೈದ್ಯೆ ಎಲ್ಲವನ್ನೂ ವಿವರಿಸಿದರು. ಕಬ್ಬಿಣಾಂಶದ ಮಾತ್ರೆ ಹೇಗೂ ಬೇಕು. ತಾಮ್ರದ್ದು ಹಾಕಬಹುದು, ಆದರೆ ರಕ್ತ ಇನ್ನೂ ಹೋಗುವ ಸಂಭವವಿದೆ. ಅಂತರಾ ಉಚಿತ, ಆದರೆ ಮೂರು ತಿಂಗಳಿಗೊಮ್ಮೆ ತಪ್ಪದೆ ಬರಬೇಕು. “ಮೂರು ತಿಂಗಳಿಗೆ ನಾವು ಯಾವ ಊರಾಗ ಇರ್ತೀವೋ ಯಾರಿಗೆ ಗೊತ್ತ್ರೀ” ಎಂದಳು ಅವಳು. ಹಾರ್ಮೋನಿನ ವಂಕಿ ಹಾಕಿದರೆ ಗರ್ಭವೂ ನಿಲ್ಲದು, ರಕ್ತವೂ ಉಳಿಯುತ್ತದೆ. ಬೆಲೆ ಕೇಳಿ ಎದ್ದು ನಿಂತಳು. “ನಡೀರಿ ಅಕ್ಕಾರ, ಹೋಗೋಣ” ಎಂದಳು.

ನಾನು ಅವಳ ಅರ್ಜಿಯನ್ನು ವೈದ್ಯಕೀಯ ನೆರವು ಸಮಿತಿಗೆ ತಂದೆ. ಹಿರಿಯರೊಬ್ಬರು, “ನಿಧಿ ಇರುವುದು ರೋಗಕ್ಕೆ. ಕುಟುಂಬ ಯೋಜನೆ ಸರ್ಕಾರದ ಕೆಲಸ. ಉಚಿತವಾದದ್ದು ಇರುವಾಗ ದುಬಾರಿಯದು ಏಕೆ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ನಿಯಮದಲ್ಲಿ ಅವಕಾಶವಿಲ್ಲದ್ದರಿಂದ ಅರ್ಜಿ ಮಂಜೂರಾಗಲಿಲ್ಲ. ಆ ಸಂಜೆ ನಾವು ನಾಲ್ವರು ಮಹಿಳಾ ಸದಸ್ಯೆಯರು ಕೈಯಿಂದ ಹಾಕಿ ಹಣ ಹೊಂದಿಸಿದೆವು.

ಆ ಹಿರಿಯರಿಗೆ ನನ್ನ ಉತ್ತರ ಇದು. ಹೆಚ್ಚಿನವರಿಗೆ ಉಚಿತವಾದ ತಾಮ್ರದ ವಂಕಿಯೇ ಸಾಕು. ಅವರಿಗೆ ನಾವು ಕೊಡಬೇಕಾದದ್ದು ಮಾಹಿತಿ ಮತ್ತು ಜೊತೆಗೊಬ್ಬರು. ಆದರೆ ರಕ್ತವಿಲ್ಲದೆ ಕುಸಿಯುವ ಹೆಣ್ಣಿಗೆ ಹಾರ್ಮೋನಿನ ವಂಕಿ ಒಂದೇ ಏಟಿಗೆ ಚಿಕಿತ್ಸೆಯೂ ಹೌದು. ಇನ್ನೊಂದು ಗರ್ಭ ನಿಂತು, ಹೆರಿಗೆಯಲ್ಲಿ ರಕ್ತ ಸಾಲದೆ ಅವಳು ಆಸ್ಪತ್ರೆ ಸೇರಿದರೆ ಆಗ ನಾವೇ ರಕ್ತಕ್ಕೂ ಔಷಧಿಗೂ ಓಡಾಡುತ್ತೇವೆ, ನಿಯಮವೂ ಅಡ್ಡ ಬರುವುದಿಲ್ಲ. ಆ ಖರ್ಚಿನ ಸಣ್ಣ ಪಾಲನ್ನು ಮೊದಲೇ ಕೊಟ್ಟರೆ ತಪ್ಪೇನು? ಕನ್ನಡಿಗರಿಗೆ ಇದು ಹೊಸ ವಿಚಾರವೂ ಅಲ್ಲ. 1930ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಪ್ರಪಂಚದಲ್ಲೇ ಸರ್ಕಾರವೊಂದು ತೆರೆದ ಮೊದಲ ಚಿಕಿತ್ಸಾಲಯಗಳೆಂದು ಅವು ಹೆಸರಾಗಿವೆ.

ಆ ತಾಯಿಗೆ ಮೊದಲ ಮೂರು ತಿಂಗಳು ಸುಲಭವಾಗಿರಲಿಲ್ಲ. ಹೊತ್ತು ಗೊತ್ತಿಲ್ಲದೆ ಚೂರು ಚೂರು ರಕ್ತ ಕಾಣಿಸಿ, ತೆಗೆಸಿಬಿಡುತ್ತೇನೆಂದು ಎರಡು ಸಲ ಫೋನ್ ಮಾಡಿದಳು. ಹೀಗಾಗುವುದುಂಟು, ಕಡಿಮೆಯಾಗುತ್ತದೆ, ಆದರೂ ಬೇಡವೆಂದರೆ ಕರೆದುಕೊಂಡು ಹೋಗಿ ತೆಗೆಸುತ್ತೇನೆ ಎಂದೆ. ಅವಳು ಕಾದಳು. ಏಳನೇ ತಿಂಗಳ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.6 ಆಗಿತ್ತು. ಈಗ ಅವರು ಗಂಗಾವತಿಯ ಹತ್ತಿರ ಕೆಲಸದಲ್ಲಿದ್ದಾರೆ. ಕಾರ್ಡ್ ಅವಳ ಚೀಲದಲ್ಲೇ ಇದೆ, ನಾನು ಕೇಳಿ ಖಚಿತಪಡಿಸಿಕೊಂಡಿದ್ದೇನೆ.

ತಮ್ಮಲ್ಲಿ ನಮ್ಮ ಕೋರಿಕೆ

ಬರುವ ಸರ್ವಸದಸ್ಯರ ಸಭೆಯಲ್ಲಿ ಒಂದು ನಿರ್ಣಯ ಮಂಡಿಸಲಿದ್ದೇವೆ. ಅತಿ ರಕ್ತಸ್ರಾವ ಅಥವಾ ರಕ್ತಹೀನತೆ ಇದ್ದು, ವೈದ್ಯರು ಬರೆದುಕೊಟ್ಟರೆ ಹಾರ್ಮೋನಿನ ವಂಕಿಯ ವೆಚ್ಚವನ್ನು ನಿಧಿಯಿಂದ ಕೊಡಬೇಕು. ಯಾವುದೇ ವಿಧಾನ ಆರಿಸಿದವರಿಗೂ ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಆಟೋ ಖರ್ಚು, ಒಂದು ದಿನದ ಕೂಲಿ ಕೊಡಬೇಕು. ಎಲ್ಲ ಕೇಳಿಸಿಕೊಂಡು “ನನಗೆ ಏನೂ ಬೇಡ” ಎಂದವಳಿಗೂ ಆ ದಿನದ ಕೂಲಿ ಸಲ್ಲಬೇಕು. ಹಣದ ಆಸೆಗೆ ಯಾರೂ ಒಪ್ಪಬಾರದು, ಹಣವಿಲ್ಲವೆಂದು ಯಾರೂ ಬಿಡಬಾರದು. ನೆರವು ಪಡೆದವರ ಹೆಸರು ಎಲ್ಲಿಯೂ ಪ್ರಕಟವಾಗದು.

ಇದಕ್ಕಾಗಿ ತಮ್ಮ ಕಾಣಿಕೆಯನ್ನು “ವೈದ್ಯಕೀಯ ನೆರವು, ಮಹಿಳಾ ಆರೋಗ್ಯ” ಎಂದು ನಮೂದಿಸಿ ಸಂಘದ ಕಾರ್ಯಾಲಯದಲ್ಲಿ ಕೊಟ್ಟು ರಸೀದಿ ಪಡೆಯಿರಿ. ಮೊತ್ತ ಚಿಕ್ಕದೆಂದು ಸಂಕೋಚ ಬೇಡ. ಹಣ ಕೊಡಲಾಗದವರು ಸಮಯ ಕೊಡಬಹುದು. ವಿಜಯವಾಡದಲ್ಲಿ ಕನ್ನಡ, ತೆಲುಗು ಎರಡೂ ಬಲ್ಲ, ತಿಂಗಳಿಗೆ ಒಂದು ಬೆಳಿಗ್ಗೆ ಆಸ್ಪತ್ರೆಗೆ ಬರಬಲ್ಲ ಇಬ್ಬರು ಸೋದರಿಯರು ನಮಗೆ ಬೇಕಾಗಿದ್ದಾರೆ. ವಂಕಿ ಎಂದರೂ ಕಾಪರ್ ಟಿ ಎಂದರೂ ಒಂದೇ ಎಂದು ಹೇಳುವವರು ಪಕ್ಕದಲ್ಲಿದ್ದಿದ್ದರೆ, ಆ ಕೊಪ್ಪಳದ ಹುಡುಗಿಗೆ ಮೂರು ತಿಂಗಳು ಮೊದಲೇ ಚಿಕಿತ್ಸೆ ಸಿಗುತ್ತಿತ್ತು.

ತಮ್ಮ ವಿಶ್ವಾಸಿ,
ವೈದ್ಯಕೀಯ ನೆರವು ಸಮಿತಿಯ ಪರವಾಗಿ ಒಬ್ಬ ಸದಸ್ಯೆ, ವಿಶಾಖಪಟ್ಟಣ